ಚಿಪ್ಪು ಮತ್ತು ಹುಲ್ಲಿನ ಎಸಳು

ಇವತ್ತು ಅಕ್ಕನ ಮಗಳ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರ ಒಳಕಿವಿಗೆ ತಂತಿ ತೂರಿಸಿ ಶಬ್ದ ಕೇಳಿಸುವ ಸಾಧನ) ಆನ್ ಮಾಡಿದರು. ಆಪರೇಷನ್ ಆಗಿ ಮೂರು ವಾರ ಆಗಿತ್ತು. ಅಕ್ಕ "ಪುಟ್ಟೀ" ಅಂದಳು. ಮಗು ಆಟ ನಿಲ್ಲಿಸಿ, ಕಣ್ಣರಳಿಸಿ ಸುತ್ತ ನೋಡಿತು. ಆಮೇಲೆ ಜೋರಾಗಿ ಅತ್ತಿತು. ನಾವೂ ಅತ್ತೆವು.

ಮನೆಗೆ ಬರುವಾಗ, ಇಂಥ ಇಂಪ್ಲಾಂಟ್ ರೂಪಿಸಿದವರಲ್ಲಿ ಒಬ್ಬರಾದ ಆಸ್ಟ್ರೇಲಿಯಾದ ಡಾಕ್ಟರ್ ಗ್ರೇಮ್ ಕ್ಲಾರ್ಕ್ ನೆನಪಾದರು. ಅವರ ಅಪ್ಪನಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ. ಅದರೊಳಗೆ ತಂತಿ ತೂರಿಸುವುದು ಸುಲಭವಲ್ಲ, ಅಲ್ವಾ? 1977ರಲ್ಲಿ ಸಮುದ್ರದ ದಂಡೆಯಲ್ಲಿ ಚಿಪ್ಪೊಂದಕ್ಕೆ ಹುಲ್ಲಿನ ಎಸಳು ತೂರಿಸಿ ನೋಡಿದರಂತೆ. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದದ್ದು ಸಲೀಸಾಗಿ ಒಳಗೆ ಹೋಯಿತು. ಮುಂದಿನ ವರ್ಷವೇ ಮೆಲ್ಬರ್ನಿನಲ್ಲಿ ಅವರ ಮೊದಲ ಇಂಪ್ಲಾಂಟ್ ಆಪರೇಷನ್.

ಪುಟ್ಟಿ ಮಾತು ಕಲಿಯಲು ಇನ್ನೂ ಜಾಸ್ತಿ ಥೆರಪಿ ಬೇಕು. ಈಗ ಕುಕ್ಕರ್ ಕೂಗಿದಾಗಲೆಲ್ಲ ಅಡುಗೆಮನೆ ಕಡೆ ತಿರುಗುತ್ತಿದ್ದಾಳೆ.