‘ತಿರುಗಿ ಹೇಳು’ ಅಂತಿದ್ದ ಮೇಷ್ಟ್ರು

ನಾನು ಬಿಎಸ್ಸಿ ಓದುವಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಫಿಸಿಕ್ಸ್ ಲ್ಯಾಬಿನಲ್ಲಿ ನಮ್ಮ ಮೇಷ್ಟ್ರದು ಒಂದೇ ಹಟ. ಸ್ಪೆಕ್ಟ್ರೋಮೀಟರ್ ಮುಂದೆ ಕೂತವನು ರೀಡಿಂಗ್ ಹೇಳಬೇಕು. ಬರೆಯುವವನು ಅದನ್ನು ಜೋರಾಗಿ ತಿರುಗಿ ಹೇಳಬೇಕು. ಮೊದಲನೆಯವನು ಮತ್ತೆ ವರ್ನಿಯರ್, ಅಂದರೆ ಅದರ ಅಳತೆಪಟ್ಟಿ ನೋಡಿ ‘ಸರಿ’ ಅನ್ನಬೇಕು. ಅಲ್ಲಿವರೆಗೂ ಪೆನ್ನು ಕಾಗದಕ್ಕೆ ತಾಗುವಂತಿಲ್ಲ. ‘ಏ ತಮ್ಮಾ, ಸುಮ್ನೆ ಹೂಂ ಅನ್ಬ್ಯಾಡ, ತಿರುಗಿ ಹೇಳು’ ಅಂತ ಹಿಂದೆ ಬಂದು ನಿಲ್ಲೋರು.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಊರಿನ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದವು. ಎರಡರಲ್ಲೂ ಇದ್ದ 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕಾಲೇಜಿನ ರೀಡಿಂಗ್ ರೂಮಿನಲ್ಲಿ ಪೇಪರಿಗೆ ಮುಗಿಬಿದ್ದು ಓದಿದ್ದೆವು. ವಿವರಗಳು ಹೊರಗೆ ಬಂದ ಮೇಲೆ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ದೆಹಲಿಯಿಂದ ಹೊರಟ ಸೌದಿ ಜಂಬೋಗೆ 14,000 ಅಡಿವರೆಗೆ ಏರಲು ಹೇಳಿದ್ದರು. ಎದುರಿನಿಂದ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯೂಶಿನ್‌ಗೆ 15,000 ಅಡಿ. ಸೌದಿ ಪೈಲಟ್ ಹೇಳಿದ ಎತ್ತರ ಮೀರಲಿಲ್ಲ. ಇನ್ನೊಂದು ವಿಮಾನ ತನ್ನ ಎತ್ತರದಲ್ಲಿ ನಿಲ್ಲದೆ ಕೆಳಗಿಳಿದು ಬಂತು. ನ್ಯಾಯಮೂರ್ತಿ ಲಹೋಟಿ ಆಯೋಗ ಆಮೇಲೆ ಹೇಳಿದ್ದೂ ಇದನ್ನೇ. ಆ ಎರಡು ಗೆರೆ ನನ್ನ ತಲೆಯಲ್ಲಿ ಉಳಿದುಬಿಟ್ಟವು. ನಾನು ಏರ್ ಟ್ರಾಫಿಕ್ ಕಂಟ್ರೋಲರ್ ಆಗಿದ್ದಕ್ಕೆ ಅವೂ ಒಂದು ಕಾರಣ.

ನಮ್ಮ ಕೆಲಸ ಏನು ಅಂತ ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ವಿಮಾನ ಇನ್ನೂ ನಿಂತಲ್ಲೇ ಇರುವಾಗ ಪೈಲಟ್ ನಮ್ಮ ಹತ್ತಿರ ಕ್ಲಿಯರೆನ್ಸ್ ಕೇಳುತ್ತಾರೆ. ಎಲ್ಲಿಗೆ, ಯಾವ ದಾರಿಯಲ್ಲಿ, ಮೊದಲು ಎಷ್ಟು ಎತ್ತರಕ್ಕೆ ಏರಿ ನಿಲ್ಲಬೇಕು ಅಂತ ಹೇಳುತ್ತೇವೆ. ‘ಸಿಡ್’ ಯಾವುದು ಅಂತಲೂ ಹೇಳುತ್ತೇವೆ. ಅಂದರೆ ರನ್‌ವೇ ಬಿಟ್ಟ ಮೇಲೆ ಯಾವ ಕಡೆ ತಿರುಗಿ ಎಲ್ಲೆಲ್ಲಿ ಹಾದು ಹೋಗಬೇಕು ಅನ್ನೋ ಮೊದಲೇ ಗೊತ್ತುಮಾಡಿದ ದಾರಿ. ಜೊತೆಗೆ ರೇಡಾರ್ ಪರದೆಯಲ್ಲಿ ಗುರುತು ಸಿಗೋಕೆ ನಾಲ್ಕು ಅಂಕಿಯ ಕೋಡ್. ಅದರಲ್ಲಿ 8, 9 ಬರೋದೇ ಇಲ್ಲ. ಇಷ್ಟನ್ನೂ ಪೈಲಟ್ ತಿರುಗಿ ಹೇಳಬೇಕು, ನಾವು ಕೇಳಿ ಸರಿ ಅನ್ನಬೇಕು.

ಇಷ್ಟಾದರೂ ತಪ್ಪು ನುಸುಳುತ್ತದೆ. ದಿನಾ ಅದೇ ಊರಿಗೆ ಹೋಗೋ ಪೈಲಟ್ಟಿಗೆ ಕ್ಲಿಯರೆನ್ಸ್ ಬಾಯಿಪಾಠ ಆಗಿರುತ್ತದೆ. ಇವತ್ತು ಮೇಲೆ ಇನ್ನೊಂದು ವಿಮಾನ ಇದೆ ಅಂತ ನಾವು ಎತ್ತರ ಕಮ್ಮಿ ಕೊಟ್ಟರೂ ಅವರ ಕಿವಿಗೆ ನಿನ್ನೆಯದೇ ಕೇಳಿಸುತ್ತದೆ. ನಿನ್ನೆಯದನ್ನೇ ತಿರುಗಿ ಹೇಳುತ್ತಾರೆ. ನಮ್ಮ ಕಿವಿಯೂ ಹಾಗೇ ಅಲ್ವಾ, ನಾವು ಹೇಳಿದ್ದೇ ವಾಪಸ್ ಬಂತು ಅಂತ ಅಂದುಕೊಂಡುಬಿಡುತ್ತದೆ. ಆಗ ಇಬ್ಬರೂ ಸರಿ ಅಂದಿರುತ್ತಾರೆ, ವಿಮಾನ ಮಾತ್ರ ಬೇರೆ ಎತ್ತರಕ್ಕೆ ಹೋಗುತ್ತದೆ. ಇನ್ನೊಂದು, ಗಾಳಿ ತಿರುಗಿ ರನ್‌ವೇ ಬದಲಾಗುವ ಹೊತ್ತು. ರನ್‌ವೇ ಬದಲಾದರೆ ಸಿಡ್ ಕೂಡ ಬದಲು. ವಿಮಾನದ ಕಂಪ್ಯೂಟರಿನಲ್ಲಿ ಹಳೆಯದೇ ಉಳಿದರೆ, ಟೇಕಾಫ್ ಆದ ಮೇಲೆ ಅದು ತಪ್ಪು ಕಡೆ ತಿರುಗುತ್ತದೆ. ಪಕ್ಕದಲ್ಲಿ ಇನ್ನೊಂದು ರನ್‌ವೇಯಿಂದಲೂ ವಿಮಾನ ಏಳುತ್ತಿದ್ದರೆ ಏನಾಗಬಹುದು ಅಂತ ಯೋಚಿಸಿ.

ಅಮೆರಿಕದ ದೊಡ್ಡ ನಿಲ್ದಾಣಗಳಲ್ಲಿ ಕ್ಲಿಯರೆನ್ಸ್ ಬರಹದಲ್ಲೇ ಬರುತ್ತದೆ. ಕೇಳಿಸಿಕೊಳ್ಳೋ ತಪ್ಪು ಹೋಯಿತು, ಓದೋ ತಪ್ಪು ಬಂತು. ಪೈಲಟ್ ಮೊದಲು ಕೇಳಿದ್ದ ದಾರಿಯಲ್ಲಿ ಒಂದು ತುಂಡು ಬದಲಾಗಿದ್ದರೆ ಅದು ಕಣ್ಣಿಗೆ ಬೀಳದೇ ಹೋಗುವುದುಂಟು.

ಕೆಲವು ವರ್ಷಗಳ ಹಿಂದೆ ಮೇಷ್ಟ್ರನ್ನು ನೋಡೋಕೆ ಅವರ ಮನೆಗೆ ಹೋಗಿದ್ದೆ. ರಿಟೈರ್ ಆಗಿದ್ದರು. ಎಲ್ಲ ಕೇಳಿಸಿಕೊಂಡು, ‘ಸರಿಯಾಗೇ ತಿರುಗಿ ಹೇಳಿ, ತಪ್ಪು ಮಾಡಿದ್ರೆ ಏನ್ ಮಾಡ್ತೀಯಪ್ಪ?’ ಅಂದರು.

ಅವರಿಗೆ ಸ್ಪೇನಿನ ಟೆನರಿಫ್ ದ್ವೀಪದ ವಿಮಾನ ನಿಲ್ದಾಣದ ಕಥೆ ಹೇಳಿದೆ. 1977ರ ಮಾರ್ಚ್ 27, ದಟ್ಟ ಮಂಜು. ಅದೇ ರನ್‌ವೇ ಮೇಲೆ ಪಾನ್ ಆಮ್ ಜಂಬೋ ಇನ್ನೂ ನಿಧಾನಕ್ಕೆ ಬರುತ್ತಿತ್ತು. ತುದಿಯಲ್ಲಿ ನಿಂತಿದ್ದ ಕೆಎಲ್‌ಎಂ ಜಂಬೋಗೆ ಕಂಟ್ರೋಲರ್ ಕೊಟ್ಟದ್ದು ದಾರಿಯ ಕ್ಲಿಯರೆನ್ಸ್ ಮಾತ್ರ, ಟೇಕಾಫ್‌ಗೆ ಅನುಮತಿ ಅಲ್ಲ. ಆದರೆ ‘ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ’ ಅಂತ ಟೇಕಾಫ್ ಅನ್ನೋ ಪದ ಅದರೊಳಗೇ ಇತ್ತು. ಕೋ-ಪೈಲಟ್ ದಾರಿಯನ್ನು ತಿರುಗಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟಿದ್ದರು. ಕಂಟ್ರೋಲರ್ ‘ಓಕೆ’ ಅಂದು, ಕಾಯಿರಿ, ನಾನೇ ಕರೆಯುತ್ತೇನೆ ಅಂದರು. ಅದೇ ಕ್ಷಣಕ್ಕೆ ಪಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂದರು. ಎರಡು ದನಿ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಕೀರಲು ಸದ್ದಾಯಿತು. ಚೆನ್ನಾಗಿ ಕೇಳಿಸಿದ್ದು ಆ ‘ಓಕೆ’ ಮಾತ್ರ. ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಪಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದರು. ಎರಡೂ ಡಿಕ್ಕಿಯಾಗಿ 583 ಜನ ಸತ್ತರು.

ಅದಾದ ಮೇಲೆ ನಿಯಮ ಬಿಗಿಯಾಯಿತು. ಟೇಕಾಫ್‌ಗೆ ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಬಿಟ್ಟು ನಾವು ಆ ಪದ ಬಳಸುವುದಿಲ್ಲ. ಬೇರೆ ಕಡೆಯೆಲ್ಲ ‘ಡಿಪಾರ್ಚರ್’. ಕಾಕ್‌ಪಿಟ್ಟಿನಲ್ಲಿ ಕಿರಿಯರು ದನಿ ಎತ್ತಬೇಕು, ಹಿರಿಯರು ಕೇಳಬೇಕು ಅಂತ ತರಬೇತಿಯೇ ಶುರುವಾಯಿತು. ಇದೇ ದೊಡ್ಡ ಬದಲಾವಣೆ ಅಂತ ನನ್ನ ನಂಬಿಕೆ. ಚರ್ಖಿ ದಾದ್ರಿ ಆದ ಮೇಲೆ, ಎದುರು ವಿಮಾನ ಹತ್ತಿರ ಬಂದರೆ ಎಚ್ಚರಿಸುವ ಟಿಕ್ಯಾಸ್ ಯಂತ್ರವನ್ನು ಭಾರತ ಕಡ್ಡಾಯ ಮಾಡಿತು. ಈಗ ಕೆಲವು ದೇಶಗಳಲ್ಲಿ ಪೈಲಟ್ ಗುಂಡಿ ತಿರುಗಿಸಿ ಇಟ್ಟ ಎತ್ತರವೇ ಕಂಟ್ರೋಲರ್ ಪರದೆಗೆ ಬರುತ್ತದೆ. ಬಾಯಲ್ಲಿ ಹೇಳಿದ್ದು ಒಂದು, ಕೈ ಮಾಡಿದ್ದು ಇನ್ನೊಂದು ಆದರೆ ವಿಮಾನ ಅಲ್ಲಿಗೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ.

ಮೇಷ್ಟ್ರು ಖುಷಿಪಟ್ಟರು. ‘ಅಂದ್ರೆ ವರ್ನಿಯರ್ ನೀನೂ ನೋಡ್ಬಹುದು ಅನ್ನು’ ಅಂದರು.

ಈಗ ಓದುತ್ತಿರುವವರಿಗೆ ಒಂದು ವಿಷಯ. ಫಿಸಿಕ್ಸ್, ಮ್ಯಾಥ್ಸ್ ಇರೋ ಬಿಎಸ್ಸಿ ಮಾಡಿದರೆ ಸಾಕು, ಏರ್ ಟ್ರಾಫಿಕ್ ಕಂಟ್ರೋಲರ್ ಆಗೋಕೆ ಏರ್‌ಪೋರ್ಟ್ಸ್ ಅಥಾರಿಟಿ ನಡೆಸುವ ಪರೀಕ್ಷೆ ಬರೆಯಬಹುದು. ಇಂಜಿನಿಯರಿಂಗೇ ಆಗಬೇಕು ಅಂತೇನಿಲ್ಲ. ದನಿಯ ಪರೀಕ್ಷೆಯೂ ಇರುತ್ತದೆ. ಹಾಗಾಗಿ ಈಗಿನಿಂದಲೇ ಇಂಗ್ಲಿಷ್ ಪೇಪರನ್ನು ದಿನಾ ಜೋರಾಗಿ, ಸ್ಪಷ್ಟವಾಗಿ ಓದಿ. ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಅವರ ವೆಬ್‌ಸೈಟ್ ನೋಡುತ್ತಿರಿ.