ಪಡಸಾಲೆಯ ಹಳೇ ಫರಸಿ: ಒಡೆಯದೆ ಎಬ್ಬಿಸಿ ಮತ್ತೆ ಕೂರಿಸಿದ ಲೆಕ್ಕ

ಜನವರಿ 5

ಧಾರವಾಡದ ಈ ಮನೆ ಅಜ್ಜ 1964ರಲ್ಲಿ ಕಟ್ಟಿಸಿದ್ದು. ಪಡಸಾಲೆಗೆ ಹಾಸಿರುವುದು ಶಹಾಬಾದ್ ಫರಸಿ. ಎರಡಡಿ ಚೌಕದ ಕಲ್ಲುಗಳು, ಒಟ್ಟು 42. ಕಿಟಕಿ ಕಡೆಯ ಮೂಲೆಯಲ್ಲಿ ನೆಲ ಕುಸಿದು ಏಳೆಂಟು ಕಲ್ಲು ಅಲುಗಾಡುತ್ತಿವೆ. ಒರೆಸಿದ ನೀರು ಅಲ್ಲೇ ನಿಲ್ಲುತ್ತದೆ. ಸಂದಿನಲ್ಲೆಲ್ಲ ಇರುವೆ. ಹೋದ ಮಳೆಗಾಲದಲ್ಲಿ ಅವ್ವ ಅಲ್ಲೇ ಎಡವಿ ಬಿದ್ದಳು. ಇನ್ನು ಮುಂದೂಡುವ ಹಾಗಿಲ್ಲ.

ನೋಡಲು ಬಂದ ಗುತ್ತಿಗೆದಾರರು ಎರಡೇ ನಿಮಿಷದಲ್ಲಿ ಹೇಳಿಬಿಟ್ಟರು: ಎಲ್ಲ ಒಡೆದು ತೆಗೆಯೋಣ, ವಿಟ್ರಿಫೈಡ್ ಟೈಲ್ಸ್ ಹಾಕೋಣ, ನಾಲ್ಕು ದಿನದ ಕೆಲಸ. ಅವರು ಹೋದ ಮೇಲೆ ಸಡಿಲವಾಗಿದ್ದ ಒಂದು ಕಲ್ಲನ್ನು ತಮ್ಮನ ಜೊತೆ ಎತ್ತಿ ತೂಕದ ಯಂತ್ರದ ಮೇಲಿಟ್ಟೆ. 31 ಕಿಲೋ. 42 ಕಲ್ಲಿಗೆ 1,300 ಕಿಲೋ ಆಯಿತು. ಅಷ್ಟೂ ಊರ ಹೊರಗಿನ ಯಾವುದೋ ಹಳ್ಳಕ್ಕೆ ಹೋಗಿ ಬೀಳಬೇಕಾ? ಕಲ್ಲಿಗೆ ಏನೂ ಆಗಿಲ್ಲ. ಕೆಟ್ಟಿರುವುದು ಅದರ ಕೆಳಗಿನ ಮಣ್ಣು.

ಜನವರಿ 9

ಆದರೂ ಬೇರೆ ದಾರಿಗಳನ್ನೆಲ್ಲ ನೋಡಿಯೇ ತೀರ್ಮಾನಿಸೋಣ ಅಂತ ನಾಲ್ಕು ದಿನ ಅಂಗಡಿ ತಿರುಗಿದೆ.

ವಿಟ್ರಿಫೈಡ್ ಟೈಲ್ಸ್ ಗಟ್ಟಿ, ಕಲೆ ಹಿಡಿಯಲ್ಲ. ಆದರೆ ಸುಮಾರು 1,200 ಡಿಗ್ರಿಯಲ್ಲಿ ಸುಟ್ಟ ಮಾಲು, ಹೆಚ್ಚಿನದು ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬರುತ್ತದೆ. ವಿನೈಲ್ ಅಂದರೆ ಪ್ಲಾಸ್ಟಿಕ್, ಅದನ್ನು ಕೈಗೆ ಮುಟ್ಟಲೂ ಇಲ್ಲ. ಲ್ಯಾಮಿನೇಟ್ ಮರದ ಹಾಗೆ ಕಾಣುತ್ತದೆ, ಒಳಗಿರುವುದು ಮರದ ಹುಡಿ ಮತ್ತು ಅಂಟು. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವ ಮನೆಯಲ್ಲಿ ಅದು ಉಬ್ಬುತ್ತದೆ. ಬಿದಿರು ಬೇಗ ಬೆಳೆಯುತ್ತದೆ ನಿಜ. ಆದರೆ ನೆಲಕ್ಕೆ ಹಾಕುವ ಬಿದಿರಿನ ಹಲಗೆಯೂ ಅಂಟಿನ ಮೇಲೇ ನಿಂತದ್ದು. ಯಾವ ಅಂಟು ಅಂತ ಕೇಳಿದರೆ ಅಂಗಡಿಯವರ ಹತ್ತಿರ ಉತ್ತರ ಇಲ್ಲ.

ಮನಸ್ಸು ಜಾಸ್ತಿ ಎಳೆದದ್ದು ಕೆಂಪು ರೆಡ್ ಆಕ್ಸೈಡ್ ನೆಲ. ಮಲೆನಾಡಿನಲ್ಲಿ ಹೆಂಡತಿಯ ತವರಿನಲ್ಲಿ ಅದೇ ಇದೆ, ಬೇಸಿಗೆಯಲ್ಲೂ ಕಾಲಿಗೆ ತಂಪು. ಆದರೆ ಅದಕ್ಕೆ ಹೊಸ ಸಿಮೆಂಟು ಬೇಕು. ಸಿಮೆಂಟಿಗೆ ಸುಣ್ಣದ ಕಲ್ಲನ್ನು 1,450 ಡಿಗ್ರಿವರೆಗೆ ಕಾಯಿಸುತ್ತಾರೆ. ಉರಿಸಿದ ಇಂಧನದ ಹೊಗೆ ಒಂದು ಕಡೆ, ಆ ಕಲ್ಲೇ ಬಿಡುವ ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ನಮ್ಮಲ್ಲಿ ಕಲ್ಲಿಲ್ಲದೆ ಬರೀ ಮಣ್ಣಿನ ನೆಲ ಇದ್ದಿದ್ದರೆ ರೆಡ್ ಆಕ್ಸೈಡನ್ನೇ ಮಾಡಿಸುತ್ತಿದ್ದೆ.

ಸೆಗಣಿ ಸಾರಿಸುವ ನೆಲದ ಮಾತೂ ಬಂತು. ಅವ್ವ ಕೇಳಿದಳು, "ವಾರಕ್ಕೊಮ್ಮೆ ಸಾರಸಾವ್ರು ಯಾರು?" ಆ ಕೆಲಸ ಚಿಕ್ಕಂದಿನಿಂದ ಮಾಡಿದವಳು ಅವಳು. ಅಲ್ಲಿಗೆ ಆ ಮಾತು ಬಿಟ್ಟೆವು.

ಇರುವ ಕಲ್ಲನ್ನೇ ಎಬ್ಬಿಸಿ ಕೂರಿಸುವುದು ಅಂತ ಗಟ್ಟಿ ಮಾಡಿದೆ.

ಜನವರಿ 18

ಮೂರು ಜನ ಗೌಂಡಿಗಳು ಒಲ್ಲೆ ಅಂದರು. ನಾಲ್ಕನೆಯವರು ಎಪ್ಪತ್ತು ದಾಟಿದ ಕಾಕಾ. ಸಂದಿನಿಂದ ಒಂದು ಚೂರು ಗಾರೆ ಕೆರೆದು ಬೆರಳಲ್ಲಿ ಹಿಸುಕಿದರು. ಅದು ಬೆಳ್ಳಗೆ ಪುಡಿಯಾಯಿತು. "ಸುಣ್ಣದಾಗ ಕುಂದ್ರಿಸ್ಯಾರ ತಮ್ಮಾ, ಬಿಡ್ತಾವ. ಸಿಮೆಂಟಿನ್ಯಾಗ ಇದ್ದಿದ್ರ ಒಡದ ಬರತಿದ್ವು."

ಹಾಗೇ ಆಯಿತು. ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ಕಾಕಾ ಸಂದು ಬಿಡಿಸಿ, ಹಾರೆಯ ತುದಿಗೆ ಗೋಣಿಚೀಲ ಸುತ್ತಿ, ಒಂದು ಮೂಲೆಯಿಂದ ನಿಧಾನಕ್ಕೆ ಮೀಟಿದರು. ಟಪ್ ಅಂತ ಒಂದು ಸದ್ದು, ಕಲ್ಲು ಬಿಟ್ಟುಕೊಳ್ಳುತ್ತಿತ್ತು. ಎರಡು ದಿನದಲ್ಲಿ 42ರಲ್ಲಿ 37 ಕಲ್ಲು ಇಡಿಯಾಗಿ ಬಂದವು. ಐದು ಒಡೆದವು. ಅದರಲ್ಲಿ ಎರಡು ನಾನು ಅವಸರ ಮಾಡಿದ್ದಕ್ಕೆ. ಚೂರುಗಳನ್ನು ಹಿತ್ತಲಲ್ಲಿ ತುಳಸಿ ಕಟ್ಟೆಯ ಸುತ್ತ ಹಾಸಿದ್ದೇವೆ.

ಫೆಬ್ರವರಿ 2

ಕುಸಿದ ಮಣ್ಣು ತೆಗೆದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತುಂಬಿದೆವು. ಮೂರು ಇಂಚಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಮತ್ತೆ ಅದೇ ಕಥೆ.

ಕೂರಿಸಿದ್ದು ಸುಣ್ಣದಲ್ಲೇ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣದ ಹರಳನ್ನು ಕಾಕಾ ಮೊದಲೇ ಪೀಪಾಯಿಯಲ್ಲಿ ಅರಳಿಸಿದ್ದರು. ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳನ್ನು ದೂರ ಇಡಬೇಕು. ಸುಣ್ಣ ಸುಡಲು ಸುಮಾರು 900 ಡಿಗ್ರಿ ಸಾಕು, ಆಮೇಲೆ ಗಟ್ಟಿಯಾಗುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಂದಷ್ಟು ವಾಪಸ್ ಹೀರಿಕೊಳ್ಳುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು, ಮುಂದೆ ಮಕ್ಕಳಿಗೆ ಬೇಕಾದರೆ ಈ ಕಲ್ಲು ಮತ್ತೆ ಇಡಿಯಾಗಿ ಏಳುತ್ತದೆ.

ಬಾಗಿಲ ಬಳಿಯ ಮೂರು ಕಲ್ಲು ಕಾಲು ತುಳಿದು ತುಳಿದು ತಟ್ಟೆಯ ಹಾಗೆ ತಗ್ಗಾಗಿದ್ದವು. ಕಾಕಾ ಅವನ್ನು ಮಗುಚಿ ಹಾಕಿದರು. ಅಡಿಯ ಮುಖ ಹೊಸದಾಗಿ ಸೀಳಿದ ಹಾಗಿತ್ತು! ಕಡಿಮೆ ಬಿದ್ದ ಐದು ಕಲ್ಲು ಹಿಂದಿನ ಓಣಿಯಲ್ಲಿ ಕೆಡವುತ್ತಿದ್ದ ಮನೆಯಿಂದ ಸಿಕ್ಕವು. ಬಣ್ಣ ಸ್ವಲ್ಪ ಹಳದಿ, ಕಪಾಟಿನ ಕೆಳಗೆ ಹಾಕಿದ್ದೇವೆ.

ಫೆಬ್ರವರಿ 16

ಹತ್ತು ದಿನ ಭಾರ ಇಡದೆ, ದಿನಾ ಒದ್ದೆ ಗೋಣಿಚೀಲ ಹೊದಿಸಿ ಬಿಟ್ಟಿದ್ದೆವು. ಈಗ ಒಂದೂ ಅಲುಗಾಡುತ್ತಿಲ್ಲ. ಹಗುರವಾಗಿ ಪಾಲಿಶ್ ಹಿಡಿಸಿದೆ. ಅದರ ಕೆಸರುನೀರನ್ನು ಬಚ್ಚಲಿಗೆ ಬಿಡಬೇಡಿ, ಪೈಪಿನಲ್ಲಿ ಕೂತು ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು ನೀರನ್ನು ಮಾತ್ರ ಚೆಲ್ಲಿದೆವು.

ಉಳಿದ ಚೂರಿನ ಮೇಲೆ ನಿಂಬೆರಸ ಹಾಕಿ ನೋಡಿದೆ. ಸಣ್ಣಗೆ ನೊರೆ ಎದ್ದಿತು, ಬೆಳಿಗ್ಗೆ ನಾಲ್ಕಾಣೆ ಅಗಲದ ಮಂಕು ಕಲೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಅಲ್ವಾ, ಹುಳಿ ತಡೆಯಲ್ಲ. ನೆಲ ಒರೆಸಲು ಆ್ಯಸಿಡ್ ಬೇಡವೇ ಬೇಡ, ಸುಮ್ನೆ ನೀರು ಸಾಕು.

ಖರ್ಚೆಲ್ಲ ಹೆಚ್ಚೂಕಡಿಮೆ ಕೂಲಿಗೇ ಹೋಯಿತು. ನಾಲ್ಕು ದಿನದ ಬದಲು ಐದು ವಾರ ಹಿಡಿಯಿತು.

ಮುಂದಿನದು ಅಡಿಗೆ ಮನೆ. ಅಲ್ಲಿ ಕಾಕಾ ಸಂದು ಕೆರೆದು ನೋಡಿ ಆಗಲ್ಲ ಅಂತ ತಲೆ ಆಡಿಸಿದರು. 1992ರ ರಿಪೇರಿಯಲ್ಲಿ ಸಿಮೆಂಟು ಹಾಕಿದ್ದಾರೆ. ಅಲ್ಲಿಯ ಕಲ್ಲು ಎಬ್ಬಿಸುವುದಿಲ್ಲ. ಇದ್ದಲ್ಲೇ ಸಂದು ತುಂಬಿಸಿ, ಅವ್ವ ಹುಣಸೆ ಹಿಂಡುವ ಜಾಗಕ್ಕೆ ಒಂದು ಚಾಪೆ ಹಾಸುತ್ತೇವೆ.