ಇಡ್ಲಿ ತಟ್ಟೆ, ಅಕ್ಕಿ ಹಿಟ್ಟು, ಒಂದು ಚೊಂಬು ನೀರು: ಪುಟ್ಟ ಮಕ್ಕಳಿಗೆ ಅಡುಗೆಮನೆಯ ಆಟ, ಆಟದ ಜೊತೆ ತಿಂಡಿ

ಒಂದೂವರೆಯಿಂದ ಮೂರು ವರ್ಷದ ಮಕ್ಕಳಿಗೆ ಆಟ ಹುಡುಕುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ? ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಅದು ಹಟವಲ್ಲ, ವಸ್ತುವನ್ನು ಪರಿಚಯ ಮಾಡಿಕೊಳ್ಳುವ ರೀತಿ. ‘ಬಾಯಿಗೆ ಹಾಕ್ಬೇಡ’ ಎಂದು ನಿಮಿಷಕ್ಕೊಮ್ಮೆ ಕೈ ತಡೆಯುತ್ತಿದ್ದರೆ ಮಗು ಆಡುವುದೂ ಇಲ್ಲ, ಕಲಿಯುವುದೂ ಇಲ್ಲ. ಬಾಯಿಗೆ ಹೋದರೂ ಪರವಾಗಿಲ್ಲ ಎನ್ನುವಂಥ ಸಾಮಾನು ಮನೆಯಲ್ಲಿ ಸಿಗುವುದು ಅಡುಗೆಮನೆಯಲ್ಲೇ.

ಇನ್ನೊಂದು ಕಾರಣವೂ ಇದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದ ಮಗುವಿಗೆ ಮೊಬೈಲು, ಟಿ.ವಿ. ಬೇಡವೇ ಬೇಡ, ಎರಡು ವರ್ಷವಾದ ಮೇಲೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ಮಕ್ಕಳ ಕೈಗೆ ಫೋನು ಸೇರುವುದು ಸಾಮಾನ್ಯವಾಗಿ ದೊಡ್ಡವರು ಅಡುಗೆ ಮಾಡುವ ಹೊತ್ತಿನಲ್ಲಿ. ಆ ಹೊತ್ತಿಗೇ ಹೊಂದುವ ಆಟಗಳಿವು. ಒಂದು ಆಟಕ್ಕೆ ಹತ್ತು ನಿಮಿಷ ಸಿಕ್ಕರೆ ಧಾರಾಳವಾಯಿತು. ಹಸಿವಾದಾಗ, ನಿದ್ದೆ ಬರುವಾಗ ಯಾವ ಆಟವೂ ನಡೆಯುವುದಿಲ್ಲ. ಬೆಳಗಿನ ತಿಂಡಿಯಾಗಿ ಅರ್ಧ ಗಂಟೆಯ ಮೇಲೆ ಶುರುಮಾಡಿ. ಒಲೆಯಿಂದ ದೂರ, ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕೂರಿಸಿ.

ಉಕ್ಕರಿಸಿದ ಅಕ್ಕಿ ಹಿಟ್ಟು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಆಟದ ಸಾಮಾನು ಇದೇ. ಅಂಗಡಿಯ ಬಣ್ಣದ ಹಿಟ್ಟು, ಮನೆಯಲ್ಲೇ ಮೈದಾ ಮತ್ತು ಉಪ್ಪು ಸೇರಿಸಿ ಮಾಡುವ ಹಿಟ್ಟು, ಚಪಾತಿ ಹಿಟ್ಟು ಎಲ್ಲಕ್ಕೂ ಒಂದೊಂದು ತೊಂದರೆ ಇದೆ. ಮೈದಾ ಹಿಟ್ಟು ಕೆಡದಿರಲೆಂದು 1 ಕಪ್ಪಿಗೆ ಅರ್ಧ ಕಪ್ ಉಪ್ಪು ಹಾಕುತ್ತಾರೆ. ಅಷ್ಟು ಉಪ್ಪಿರುವ ಹಿಟ್ಟನ್ನು ಪುಟ್ಟ ಮಗು ನಾಲ್ಕಾರು ತುತ್ತು ನುಂಗಿದರೆ ನಿಜಕ್ಕೂ ಅಪಾಯ. ಚಪಾತಿ ಹಿಟ್ಟು ಹಸಿ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಕಡುಬಿಗೆ, ಅಕ್ಕಿ ರೊಟ್ಟಿಗೆ ಉಕ್ಕರಿಸುವ ಹಿಟ್ಟಾದರೆ ಆಗಲೇ ಬೆಂದಿರುತ್ತದೆ, ಉಪ್ಪು ಚಿಟಿಕೆಯಷ್ಟು ಮಾತ್ರ.

1 ಕಪ್ ಸಣ್ಣ ಅಕ್ಕಿ ಹಿಟ್ಟಿಗೆ 1¼ ಕಪ್ ನೀರು, ½ ಟೀ ಚಮಚ ಎಣ್ಣೆ. ನೀರು ಕುದಿ ಬಂದು ಮೇಲೆ ಏಳುವಾಗ ಉರಿ ತಗ್ಗಿಸಿ, ಹಿಟ್ಟನ್ನು ಒಂದೇ ಸಲಕ್ಕೆ ಸುರಿಯಿರಿ. ತಕ್ಷಣ ಕಲಕಬೇಡಿ. ಮರದ ಸೌಟಿನ ಹಿಡಿಯಿಂದ ನಾಲ್ಕೈದು ತೂತು ಮಾಡಿ, ಮುಚ್ಚಿ 2 ನಿಮಿಷ ಬಿಡಿ. ಆಮೇಲೆ ಚೆನ್ನಾಗಿ ಕೆದಕಿ, ಒಲೆ ಆರಿಸಿ, ಮತ್ತೆ ಮುಚ್ಚಿ 10 ನಿಮಿಷ. ಕೈ ತಾಳುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ನಾದಿ.

ಹಿಟ್ಟು ಬಿರುಕು ಬಿಡುತ್ತಿದೆಯೆಂದರೆ ನೀರು ಸರಿಯಾಗಿ ಕುದಿದಿರಲಿಲ್ಲ, ಇಲ್ಲವೇ ನಾದಿದ್ದು ಸಾಲದು. ಗೋಧಿಯಲ್ಲಿರುವ ಅಂಟು ಅಕ್ಕಿಯಲ್ಲಿಲ್ಲ. ಪಿಷ್ಟ ಬಿಸಿ ನೀರಿನಲ್ಲಿ ಬೆಂದು ಉಬ್ಬಿದರೆ ಮಾತ್ರ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಕೈ ಒದ್ದೆ ಮಾಡಿಕೊಂಡು ಇನ್ನೂ ಎರಡು ನಿಮಿಷ ನಾದಿದರೆ ಸಣ್ಣ ಬಿರುಕು ಮಾಯವಾಗುತ್ತವೆ. ಕೈಗೆ ಅಂಟುತ್ತಿದ್ದರೆ ನೀರು ಹೆಚ್ಚಾಗಿದೆ. 1 ಚಮಚ ಹಿಟ್ಟು ಸೇರಿಸಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಬಾಡಿಸಿ. ಆಟದ ನಡುವೆ ಹಿಟ್ಟು ಒಣಗುವುದಂತೂ ಖಂಡಿತ, ಹಾಗಾಗಿ ಅರ್ಧ ಭಾಗವನ್ನು ಒದ್ದೆ ಬಟ್ಟೆಯಡಿ ಮುಚ್ಚಿಡಿ. ಮಗುವಿಗೆ ಕೊಡುವ ಮೊದಲು ಉಂಡೆಯನ್ನು ಮುರಿದು ಒಳಗೆ ಬೆರಳಿಟ್ಟು ನೋಡಿ. ಹೊರಗೆ ಆರಿದ್ದರೂ ಒಳಗೆ ಸುಡುವಷ್ಟು ಬಿಸಿ ಉಳಿದಿರುತ್ತದೆ. ಇದನ್ನು ಮಾತ್ರ ಮರೆಯಲೇಬಾರದು.

ಬಣ್ಣವನ್ನು ನಾದುವಾಗ ಸೇರಿಸಿ. ಅರಿಶಿನ ಒಂದು ಚಿಟಿಕೆ, ಬೀಟ್‌ರೂಟ್ ರಸ 2 ಟೀ ಚಮಚ, ಬೇಯಿಸಿ ರುಬ್ಬಿದ ಪಾಲಕ್ 2 ಟೀ ಚಮಚ. ಬೀಟ್‌ರೂಟನ್ನು ಕುದಿಯುವ ನೀರಿಗೇ ಹಾಕಿದರೆ ಬಣ್ಣ ಮಂಕಾಗಿ ಕಂದಿಗೆ ತಿರುಗುತ್ತದೆ.

ಒಂದೂವರೆ ವರ್ಷದ ಮಗು ಹಿಟ್ಟಿನಲ್ಲಿ ಬೆರಳು ಚುಚ್ಚುತ್ತದೆ, ಕಿತ್ತು ಕಿತ್ತು ಇಡುತ್ತದೆ. ಅಷ್ಟೇ ಅದರ ಆಟ, ಅಷ್ಟೇ ಸಾಕು. ಎರಡರ ಸುಮಾರಿಗೆ ಅಂಗೈಯಿಂದ ಒತ್ತಿ ಉರುಳಿಸಿ ‘ಹಾವು’ ಮಾಡಲು ಬರುತ್ತದೆ. ಎರಡೂ ಅಂಗೈ ನಡುವೆ ಗುಂಡಗೆ ಉಂಡೆ ಕಟ್ಟುವುದು ಕಷ್ಟದ ಕೆಲಸ, ಮೂರು ಹತ್ತಿರವಾಗಬೇಕು. ಒಂದು ಫೋರ್ಕು, ಒಂದು ಸಣ್ಣ ಲೋಟ, ಒಂದು ಮರದ ಚಮಚ ಕೊಡಿ. ಅಚ್ಚುಗಳನ್ನು ರಾಶಿ ಹಾಕಿದರೆ ಮಗು ಅಚ್ಚುಗಳ ಜೊತೆ ಆಡುತ್ತದೆಯೇ ಹೊರತು ಹಿಟ್ಟಿನ ಜೊತೆಯಲ್ಲ. ನೀವು ಆನೆ ಮಾಡಿ ತೋರಿಸಿ ‘ಹೀಗೆ ಮಾಡು’ ಎನ್ನುವುದೂ ಬೇಡ.

ಮುಚ್ಚಿಟ್ಟ ಅರ್ಧ ಭಾಗದಿಂದ ಕೈ ತೊಳೆದುಕೊಂಡು ಚಿಕ್ಕ ಚಿಕ್ಕ ತಟ್ಟು ಮಾಡಿ, ಮೇಲೊಂದು ಬೆರಳಿನ ಗುರುತನ್ನು ಮಗುವಿನಿಂದಲೇ ಒತ್ತಿಸಿ, ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆಯಲ್ಲಿ ಬೇಯಿಸಿ. ದಪ್ಪ ಒಂದು ಬೆರಳಿಗಿಂತ ಹೆಚ್ಚಿರಬಾರದು, ನಡುವೆ ಬೇಯುವುದಿಲ್ಲ. ಗೋಲಿಯಂಥ ಉಂಡೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಚಪ್ಪಟೆಯೇ ಸರಿ. ತುಪ್ಪ ಸವರಿ, ತೆಂಗಿನ ಹಾಲಿನ ಜೊತೆ, ಇಲ್ಲವೇ ತಿಳಿ ಬೇಳೆ ಸಾರಿನಲ್ಲಿ ನೆನೆಸಿ ಸಣ್ಣ ತುಂಡು ಮಾಡಿ ಕೊಡಿ. ಆಟದಲ್ಲಿ ನೆಲ ಕಂಡ ಹಿಟ್ಟು ತಿನ್ನುವುದಕ್ಕಲ್ಲ. ಬೆಂದ ಅಕ್ಕಿ ಹಿಟ್ಟು ಹೊರಗಿನ ಸೆಕೆಯಲ್ಲಿ ಬೇಗ ಕೆಡುತ್ತದೆ. ಎರಡು ಗಂಟೆಯ ಮೇಲೆ ಇಡದೆ ಎಸೆದುಬಿಡಿ.

ಇಡ್ಲಿ ತಟ್ಟೆ ಮತ್ತು ಡಬ್ಬಿ ಮುಚ್ಚಳ

ನಾಲ್ಕು ಗುಳಿಯ ಇಡ್ಲಿ ತಟ್ಟೆ, ನಾಲ್ಕು ದೊಡ್ಡ ನಿಂಬೆಹಣ್ಣು. ಒಂದು ಗುಳಿಗೆ ಒಂದು ಹಣ್ಣು. ‘ಒಂದು, ಎರಡು, ಮೂರು’ ಎಂದು ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳಿಗೆ ಮೂರು ಎಂದರೆ ಎಷ್ಟು ಎನ್ನುವುದು ಗೊತ್ತಿರುವುದಿಲ್ಲ. ಒಂದಕ್ಕೆ ಒಂದು ಜೋಡಿಸುವ ಈ ಕೆಲಸ ಎಣಿಕೆಯ ನಿಜವಾದ ಬುಡ. ಒಂದು ನಿಂಬೆಯನ್ನು ಸುಮ್ಮನೆ ಬಚ್ಚಿಟ್ಟು ನೋಡಿ. ಒಂದು ಗುಳಿ ಖಾಲಿ ಉಳಿದದ್ದು ಎರಡೂವರೆ ವರ್ಷದ ಮಗುವಿನ ಗಮನಕ್ಕೆ ಬರುತ್ತದೆ.

ಮೂರು ಬೇರೆ ಬೇರೆ ಅಳತೆಯ ಸ್ಟೀಲ್ ಡಬ್ಬಿ, ಅವುಗಳ ಮುಚ್ಚಳ. ಸರಿಯಾದದ್ದು ಕೂತರೆ ‘ಟಕ್’ ಎನ್ನುತ್ತದೆ, ತಪ್ಪಾದರೆ ಕೂರುವುದಿಲ್ಲ. ತಪ್ಪನ್ನು ವಸ್ತುವೇ ಹೇಳುವುದರಿಂದ ದೊಡ್ಡವರು ಬಾಯಿ ಹಾಕಬೇಕಿಲ್ಲ, ಹಾಕಲೂ ಬಾರದು. ಮುಚ್ಚಳ ತೀರ ಬಿಗಿಯಿದ್ದರೆ ಮಗು ಸಿಟ್ಟಿಗೆದ್ದು ಎಸೆಯುತ್ತದೆ, ಸಡಿಲ ಇರುವ ಡಬ್ಬಿಗಳನ್ನೇ ಆರಿಸಿ. ಮಾರುಕಟ್ಟೆಯಿಂದ ತಂದ ತರಕಾರಿ ಚೀಲವನ್ನು ಎದುರಿಗೆ ಸುರಿದು ಆಲೂಗಡ್ಡೆ ಒಂದು ಬುಟ್ಟಿಗೆ, ಈರುಳ್ಳಿ ಒಂದು ಬುಟ್ಟಿಗೆ ಹಾಕಿಸುವುದೂ ಇದೇ ಜಾತಿಯ ಆಟ.

ಕಾಳುಗಳನ್ನು ಬೇರ್ಪಡಿಸುವ, ರಾಜ್ಮಾ ಸುರಿಯುವ ಆಟ ವಿಡಿಯೊಗಳಲ್ಲಿ ತುಂಬ ಚಂದ ಕಾಣುತ್ತದೆ. ಮೂರರೊಳಗಿನ ಮಕ್ಕಳಿಗೆ ಬೇಡ. ಮೂಗು, ಕಿವಿಗೆ ಕಾಳು ತುರುಕಿಕೊಳ್ಳುತ್ತಾರೆ, ಒಳಗಿನ ತೇವಕ್ಕೆ ಅದು ಊದಿ ಬಿಗಿಯುತ್ತದೆ. ಅಗಲ 4 ಸೆಂ.ಮೀ.ಗಿಂತ ಕಡಿಮೆ ಇರುವ ಗಟ್ಟಿ ವಸ್ತು ಯಾವುದೂ ಕೈಗೆ ಸಿಗದಂತೆ ನೋಡಿಕೊಳ್ಳಿ. ಹಬ್ಬಕ್ಕೆ ಊರಿನ ಮನೆಗೆ ಹೋದಾಗ ಚೆನ್ನೆಮಣೆಯ ಡಬ್ಬಿಯ ಮೇಲೆ ವಿಶೇಷ ಕಣ್ಣಿರಲಿ: ಅದರಲ್ಲಿ ಗುಲಗಂಜಿ ಇರಬಹುದು. ಕೆಂಪಗೆ ಕಪ್ಪು ಚುಕ್ಕೆಯ ಆ ಬೀಜ ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಹರಳು ಬೀಜವೂ ಅಷ್ಟೇ. ರಿಮೋಟಿನ ಗುಂಡಿ ಬ್ಯಾಟರಿ, ನೀರಿನಲ್ಲಿ ಊದುವ ಬಣ್ಣದ ಜೆಲ್ಲಿ ಮಣಿ ಮನೆಯಲ್ಲಿ ಇರದಿದ್ದರೇ ಒಳ್ಳೆಯದು.

ನೀರು ಮತ್ತು ಬಣ್ಣ

ಅಗಲವಾದ ಪರಾತ, ಎರಡು ಸ್ಟೀಲ್ ಲೋಟ, ಒಂದು ಸಣ್ಣ ಚೊಂಬು, ಅರ್ಧ ಲೀಟರ್ ನೀರು. ಚೊಂಬಿನಿಂದ ಲೋಟಕ್ಕೆ, ಲೋಟದಿಂದ ಲೋಟಕ್ಕೆ. ನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಎಲ್ಲಿಯವರೆಗೆ ತುಂಬಿದೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ಲೋಟದ ತುಂಬ ಕೊಟ್ಟರೆ ಚೆಲ್ಲುವುದೇ ಆಟವಾಗುತ್ತದೆ, ಕಾಲು ಭಾಗದಿಂದ ಶುರುಮಾಡಿ. ಸ್ಪಂಜಿನ ತುಂಡು ಕೊಟ್ಟು ಚೆಲ್ಲಿದ್ದನ್ನು ಹೀರಿಸಿ ಹಿಂಡಿಸಿ. ಹಿಂಡುವಾಗ ಕೈಗೆ ಬರುವ ಬಲವೇ ಮುಂದೆ ಬಳಪ ಹಿಡಿಯಲು ಬೇಕಾದದ್ದು. ಆಟ ಮುಗಿದ ಕೂಡಲೇ ನೀರು ಚೆಲ್ಲಿಬಿಡಿ. ಪುಟ್ಟ ಮಗು ಮುಳುಗಲು ಬಕೆಟ್ಟಿನ ತಳದ ನಾಲ್ಕು ಬೆರಳು ನೀರು ಸಾಕು. ನೀರಿನ ಹತ್ತಿರ ಮಗುವನ್ನು ಬಿಟ್ಟು ಬಾಗಿಲ ಕರೆಗಂಟೆಗೂ ಏಳಬಾರದು.

ಗೀಚಲು ಸ್ಲೇಟು ಒಳ್ಳೆಯದು, ಬಳಪ ಮಾತ್ರ ಬಾಯಿಗೇ ಹೋಗುತ್ತದೆ. ಬದಲಿಗೆ ಒಂದು ದಪ್ಪ ಬ್ರಶ್ಶು, ಬಟ್ಟಲಲ್ಲಿ ನೀರು ಕೊಡಿ. ಸ್ಲೇಟಿನ ಮೇಲೆ, ಬಾಲ್ಕನಿಯ ಸಿಮೆಂಟ್ ಗೋಡೆಯ ಮೇಲೆ ಗೆರೆ ಕಪ್ಪಗೆ ಮೂಡಿ, ಒಣಗಿ ಮಾಯವಾಗುತ್ತದೆ. ಬಣ್ಣವೇ ಬೇಕೆಂದರೆ 2 ಟೇಬಲ್ ಚಮಚ ಜೋಳದ ಪಿಷ್ಟವನ್ನು (ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿ ಪುಡಿ) ಮೊದಲು ತಣ್ಣೀರಿನಲ್ಲಿ ಕದಡಿ, 1 ಕಪ್ ನೀರಿನಲ್ಲಿ ಗಂಜಿ ಹದಕ್ಕೆ ಕುದಿಸಿ, ಆರಿದ ಮೇಲೆ ಬೀಟ್‌ರೂಟ್ ರಸ ಅಥವಾ ಅರಿಶಿನ ಸೇರಿಸಿ. ಬಿಸಿ ನೀರಿಗೆ ಪುಡಿ ಹಾಕಿದರೆ ಗಂಟಾಗುತ್ತದೆ. ಬಟ್ಟೆಗೆ ಹತ್ತಿದ ಅರಿಶಿನವನ್ನು ತೊಳೆದು ಎರಡು ದಿನ ಬಿಸಿಲಿಗೆ ಹಾಕಿದರೆ ಬಹುಪಾಲು ಹೋಗುತ್ತದೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು, ಆಟಕ್ಕೆ ಬೇಡ.

ಮೂರಕ್ಕೆ ಹತ್ತಿರವಾದವರಿಗೆ ಶಂಖಪುಷ್ಪ. ಆರೇಳು ನೀಲಿ ಹೂವನ್ನು ಅರ್ಧ ಕಪ್ ಬಿಸಿ ನೀರಿನಲ್ಲಿ 5 ನಿಮಿಷ ನೆನೆಸಿ, ಸೋಸಿ, ಪೂರ್ತಿ ಆರಿಸಿ ಎರಡು ಗಾಜಿನಂಥ ಪ್ಲಾಸ್ಟಿಕ್ ಲೋಟಕ್ಕೆ ಹಂಚಿ. ಒಂದಕ್ಕೆ ಮಗು ಚಮಚದಿಂದ ನಿಂಬೆರಸ ಹಾಕಲಿ. ನೀಲಿ ನೇರಳೆಯಾಗಿ, ಇನ್ನಷ್ಟು ಹಾಕಿದರೆ ಗುಲಾಬಿಯಾಗುತ್ತದೆ. ಇನ್ನೊಂದು ಲೋಟ ಹಾಗೇ ಇರಲಿ, ಪಕ್ಕದಲ್ಲಿ ಹೋಲಿಸಲು ಬೇಕು.

ಆಟದ ಜೊತೆ ಮಾತೂ ನಡೆಯಲಿ. ‘ಇದು ಯಾವ ಬಣ್ಣ? ಇದೇನು?’ ಎಂದು ಪರೀಕ್ಷೆ ಮಾಡುವುದಕ್ಕಿಂತ, ನಡೆಯುತ್ತಿರುವುದನ್ನು ಹೇಳುತ್ತ ಹೋಗುವುದು ಮೇಲು: ‘ನೀರು ಸುರೀತಿದೀಯಾ ಪುಟ್ಟಾ, ತುಂಬ್ತು, ಚೆಲ್ಲಿಹೋಯ್ತು, ಹಿಂಡು.’ ಹೊರದೇಶದಲ್ಲಿರುವ ಮನೆಗಳಲ್ಲಿ ಮಕ್ಕಳು ಕನ್ನಡದ ಹೆಸರುಪದಗಳನ್ನು ಕಲಿತರೂ ಕ್ರಿಯಾಪದಗಳನ್ನು ಕಲಿಯುವುದು ಕಡಿಮೆ. ನಾದು, ಸುಲಿ, ಸೋಸು, ಕಲಸು ಎಲ್ಲವೂ ಕೈ ಕೆಲಸದ ಜೊತೆಗೇ ನಾಲಿಗೆಗೆ ಹತ್ತುತ್ತವೆ.

ತಿಂಡಿ

ಎರಡು ವರ್ಷದೊಳಗಿನವರಿಗೆ ಸಕ್ಕರೆ, ಬೆಲ್ಲ ಸೇರಿಸದಿರುವುದೇ ಸರಿ. ಅವರಿಗೆ ಹಣ್ಣಿನ ಸಿಹಿ ಸಾಕು. ಬಾಳೆಹಣ್ಣು–ರಾಗಿ ದೋಸೆಗೆ ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು 3, ರಾಗಿ ಹಿಟ್ಟು ½ ಕಪ್, ಗೋಧಿ ಹಿಟ್ಟು 2 ಟೇಬಲ್ ಚಮಚ, ನೀರು ಸುಮಾರು ½ ಕಪ್. ಹಣ್ಣು ಸುಲಿಯುವುದು, ಕೈಯಲ್ಲಿ ಹಿಸುಕುವುದು ಮಗುವಿನ ಪಾಲು. ತುದಿಯನ್ನು ನೀವು ಮುರಿದು ಕೊಟ್ಟರೆ ಉಳಿದದ್ದನ್ನು ಎರಡು ವರ್ಷದ ಮಗು ಸುಲಿಯುತ್ತದೆ. ಕಲಸಿ 10 ನಿಮಿಷ ಬಿಡಿ. ರಾಗಿ ನೀರು ಕುಡಿದು ಹಿಟ್ಟು ಗಟ್ಟಿಯಾಗುತ್ತದೆ, ಆಮೇಲೆ ನೀರಿನ ಹದ ನೋಡಿಕೊಳ್ಳಿ. ಕಾವಲಿಯ ಮೇಲೆ ಒಂದೊಂದು ಟೇಬಲ್ ಚಮಚದಷ್ಟೇ ಹಾಕಿ, ಸಣ್ಣ ಉರಿಯಲ್ಲಿ ಅಂಚು ಒಣಗುವವರೆಗೆ ಕಾದು ಮಗುಚಿ. ದೊಡ್ಡದಾಗಿ ಹುಯ್ದರೆ ಮಗುಚುವಾಗ ಹರಿಯುತ್ತದೆ. ಉರಿ ಜೋರಾದರೆ ಹಣ್ಣಿನ ಸಿಹಿ ಸೀದು ತಳ ಹಿಡಿಯುತ್ತದೆ, ಒಳಗೆ ಹಸಿಯಾಗೇ ಉಳಿಯುತ್ತದೆ.

ಎರಡು ದಾಟಿದವರಿಗೆ ಅಪರೂಪಕ್ಕೊಮ್ಮೆ ರಾಗಿ ಹಾಲುಬಾಯಿ. 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ. ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳಲ್ಲಿ ಅದರ ಹತ್ತಿರಕ್ಕೂ ಇಲ್ಲ. ½ ಕಪ್ ರಾಗಿಯನ್ನು 8 ಗಂಟೆ ನೆನೆಸಿ, ½ ಕಪ್ ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ಉಳಿದ ಗಸಿಗೆ ನೀರು ಹಾಕಿ ಇನ್ನೊಮ್ಮೆ ರುಬ್ಬಿ ಸೋಸಿದರೆ ಒಟ್ಟು 2 ಕಪ್ ಹಾಲು ಬರಬೇಕು. ½ ಕಪ್ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಕಲ್ಲುಮಣ್ಣು ಸೋಸಿ ಸೇರಿಸಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಐದಾರು ನಿಮಿಷಕ್ಕೇ ಗಟ್ಟಿಯಾಗಲು ಶುರುವಾಗುತ್ತದೆ, ಆದರೆ ಅಲ್ಲಿಗೆ ಇಳಿಸಿದರೆ ಹಸಿ ವಾಸನೆ ಹೋಗುವುದಿಲ್ಲ, ತುಂಡೂ ಬೀಳುವುದಿಲ್ಲ. ಬಣ್ಣ ಗಾಢವಾಗಿ, ಹೊಳಪು ಬಂದು, ಬಾಣಲೆಯ ಅಂಚು ಬಿಟ್ಟು, ಒದ್ದೆ ಬೆರಳಿಗೆ ಅಂಟದಂತಾಗಬೇಕು. 15–20 ನಿಮಿಷ ಹಿಡಿಯುತ್ತದೆ. 1 ಟೀ ಚಮಚ ತುಪ್ಪ ಹಾಕಿ, ತುಪ್ಪ ಸವರಿದ ತಟ್ಟೆಗೆ ಬೆರಳು ದಪ್ಪ ಹರಡಿ 1 ಗಂಟೆ ಆರಲು ಬಿಡಿ. ಸಣ್ಣ ಲೋಟವನ್ನು ಒತ್ತಿ ಗುಂಡು ತುಂಡು ತೆಗೆಯುವುದನ್ನು ಮಗುವಿಗೇ ಬಿಡಿ.

ಕಡಲೆಬೀಜ, ಇಡೀ ಗೋಡಂಬಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು, ಕೊಬ್ಬರಿ ಚೂರು, ಗಟ್ಟಿ ಕೋಡುಬಳೆ ಈ ವಯಸ್ಸಿಗಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಹುರಿಗಡಲೆ ತಂಬಿಟ್ಟಿನ ಒಣ ಪುಡಿ ನೆತ್ತಿಗೆ ಹತ್ತುತ್ತದೆ, ತುಪ್ಪ ಸ್ವಲ್ಪ ಮುಂದಾಗಿಯೇ ಹಾಕಿ ಮೆತ್ತಗೆ ಕಟ್ಟಿ. ಬೆಲ್ಲ ಹಾಕಿದ ರಾಗಿ ಮಾಲ್ಟಿಗೆ ಹಾಲು ಬೆರೆಸುವುದಾದರೆ ಒಲೆಯಿಂದ ಇಳಿಸಿ, ಬಿಸಿ ಸ್ವಲ್ಪ ತಗ್ಗಿದ ಮೇಲೆ ಬೆರೆಸಿ. ಎರಡನ್ನೂ ಒಟ್ಟಿಗೆ ಕುದಿಸಿದರೆ ಹಾಲು ಒಡೆಯುತ್ತದೆ.